ಹಕ್ಕಳೆಯ ಬೆನ್ನು ನೋಡಿ: ಗುಜರಿ ಸಾಮಾನಿಗೆ ಹಚ್ಚಿದ ಬಣ್ಣ ಕೈಕೊಟ್ಟಾಗ

ಗುಜರಿಯಿಂದ ತಂದ ಸ್ಟೂಲಿಗೆ ಶನಿವಾರ ಬಣ್ಣ ಬಳಿದು, ಭಾನುವಾರ ನೆಂಟರಿಗೆ ತೋರಿಸಿ, ಹದಿನೈದು ದಿನ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಹಕ್ಕಳೆ ಎದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಬಣ್ಣದ ಡಬ್ಬಕ್ಕೆ. ಇನ್ನೊಂದು ಕೋಟ್ ಬಳಿದರೆ ಸರಿಹೋದೀತು ಎಂಬ ಲೆಕ್ಕ. ಸರಿಹೋಗುವುದಿಲ್ಲ. ಹೊಸ ಕೋಟ್ ಕೂರುವುದು ಹಳೆಯ ಕೋಟಿನ ಮೇಲೆ. ಅದು ಕಳಚಿದರೆ ಇದೂ ಜೊತೆಗೇ ಬರುತ್ತದೆ. ಸಾಲದ್ದಕ್ಕೆ ಎನಾಮಲ್ ಒಣಗುತ್ತಾ ಸ್ವಲ್ಪ ಕುಗ್ಗುತ್ತದೆ, ಆ ಎಳೆತಕ್ಕೆ ಸಡಿಲಾಗಿದ್ದ ಪದರ ಇನ್ನೂ ಬೇಗ ಮೇಲೇಳುತ್ತದೆ.

ಡಬ್ಬ ಮುಚ್ಚಿಡಿ. ಕಳಚಿದ ಜಾಗದ ಪಕ್ಕದಲ್ಲಿ ಬ್ಲೇಡಿನ ತುದಿಯಿಂದ ಉಗುರಿನಗಲದ ಹಕ್ಕಳೆಯೊಂದನ್ನು ಎಬ್ಬಿಸಿ, ಮಗುಚಿ, ಬೆಳಕಿಗೆ ಹಿಡಿಯಿರಿ.

ಬೆನ್ನು ನುಣ್ಣಗಿದ್ದು ಅಡಿಯಲ್ಲಿ ಹಳೆಯ ಪಾಲಿಶ್ ಹಾಗೇ ಮಿಂಚುತ್ತಿದೆಯೇ? ಹೊಸ ಬಣ್ಣಕ್ಕೆ ಹಿಡಿತ ಸಿಕ್ಕಿಲ್ಲ. ಉಜ್ಜದೆ ಬಳಿದಿದ್ದೀರಿ, ಇಲ್ಲವೇ ಮೇಣವೋ ಎಣ್ಣೆಯೋ ಉಳಿದಿತ್ತು. ಬೆನ್ನಿಗೆ ಕಂದು ಪಾಲಿಶ್ ಅಂಟಿಕೊಂಡು ಬಂದು ಕೆಳಗೆ ಬರಿ ಮರ ಕಂಡರೆ ನಿಮ್ಮ ಬಣ್ಣದ ತಪ್ಪೇನಿಲ್ಲ, ಹಳೆಯ ಪಾಲಿಶೇ ಸತ್ತಿದೆ. ಅದನ್ನು ಪೂರ್ತಿ ತೆಗೆಯದೆ ದಾರಿಯಿಲ್ಲ. ಎರಡೂ ಕಡೆ ಬಿಳಿ ಪುಡಿ ಇದ್ದರೆ ಪುಟ್ಟಿ ಅಥವಾ ಪ್ರೈಮರ್ ನಡುವೆಯೇ ಸೀಳಿದೆ. ಪುಟ್ಟಿಯನ್ನು ಒಂದೇ ಸಲಕ್ಕೆ ದಪ್ಪ ಮೆತ್ತಿದಾಗ, ಪ್ರೈಮರ್‌ಗೆ ಮಿತಿಮೀರಿ ನೀರೋ ಟರ್ಪೆಂಟೈನೋ ಸುರಿದಾಗ ಹೀಗಾಗುತ್ತದೆ. ಮರದ ನಾರು ಅಂಟಿ ಬಂದರೆ ಮರದ ಮೈಯೇ ಸಡಿಲಾಗಿದೆ, ಒಳಗೆ ತೇವವಿದ್ದಿರಬಹುದು. ಕಬ್ಬಿಣದ ಸಾಮಾನಿನಲ್ಲಿ ಕೆಂಪು ಪುಡಿ ಕಂಡರೆ ತುಕ್ಕಿನ ಮೇಲೆಯೇ ಬಳಿಯಲಾಗಿದೆ. ತಗಡಿನ ಟ್ರಂಕಿನಿಂದ ಅಂಗೈಯಗಲ ಹಾಳೆಯಾಗಿ ಬಂದು ಅಡಿಯ ತಗಡು ಬೂದುಬಣ್ಣದ್ದಾಗಿ ಶುಭ್ರವಾಗಿದ್ದರೆ ಅದು ಬೇರೆಯೇ ಕಥೆ, ಕೆಳಗೆ ಹೇಳಿದೆ.

ಇನ್ನೂ ಕಳಚದ ಭಾಗ ಗಟ್ಟಿಯಾಗಿದೆಯೇ ಎಂದು ತಿಳಿಯಲು ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಆರು ಗೀರು, ಅವಕ್ಕೆ ಅಡ್ಡವಾಗಿ ಇನ್ನಾರು ಗೀರು ಎಳೆಯಿರಿ. ಮೇಲೆ ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಕಿತ್ತುಬಿಡಿ. ಗೀರಿನ ಅಂಚಿನಲ್ಲಿ ಚೂರುಪಾರು ಬಂದರೆ ಚಿಂತೆಯಿಲ್ಲ. ಚೌಕಗಳೇ ಎದ್ದು ಬಂದರೆ ಆ ಇಡೀ ಹಲಗೆಯನ್ನು ಕೆರೆಯಬೇಕು, ಬರೀ ಅಂಚಿಗೆ ತೇಪೆ ಹಾಕಿ ಪ್ರಯೋಜನವಿಲ್ಲ.

ಕೆಳಗಿರುವುದು ಏನು?

ಬೆಂಗಳೂರಿನ ಸಂಡೇ ಬಜಾರಿನಲ್ಲಾಗಲಿ ಊರ ಸಂತೆಯ ಪಕ್ಕದ ಗುಜರಿಯಲ್ಲಾಗಲಿ ಸಾಮಾನಿನ ಜಾತಕ ಹೇಳುವವರು ಸಿಗುವುದಿಲ್ಲ. ಕಾಣದ ಮೂಲೆಯಲ್ಲಿ, ಅಂದರೆ ಸ್ಟೂಲಿನ ಕೆಳಮೈಯಲ್ಲೋ ಡ್ರಾಯರಿನ ಹಿಂಬದಿಯಲ್ಲೋ, ಮೂರು ಹತ್ತಿಯುಂಡೆಗಳಿಂದ ನೀವೇ ಕಂಡುಕೊಳ್ಳಬೇಕು.

ಮೊದಲನೆಯದನ್ನು ಪಾಲಿಶ್‌ನವರು ಬಳಸುವ ಸ್ಪಿರಿಟ್‌ನಲ್ಲಿ ಅದ್ದಿ ಒಂದು ನಿಮಿಷ ಒತ್ತಿಡಿ. ಮೈ ಜಿಗುಟಾಗಿ ಹತ್ತಿಗೆ ಕಂದು ಬಣ್ಣ ಇಳಿದರೆ ಅರಗಿನ ಪಾಲಿಶ್. ಬಣ್ಣ ಬಳಿದ ಸಾಮಾನಾಗಿದ್ದು ಆ ಬಣ್ಣವೇ ಹತ್ತಿಗೆ ಹತ್ತಿದರೆ ಕೆಳಗಿರುವುದು ನೀರಿನ ಎಮಲ್ಷನ್. ಸ್ಪಿರಿಟ್‌ಗೆ ಜಗ್ಗದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅದ್ದಿದ ಎರಡನೆಯ ಉಂಡೆ. ಅದಕ್ಕೆ ಮೆತ್ತಗೆ ಕರಗಿದರೆ ಎನ್‌ಸಿ ಲ್ಯಾಕರ್. ಕರಗದೆ ಸುಕ್ಕುಗಟ್ಟಿ ಮೇಲೆದ್ದರೆ ಎಣ್ಣೆ ಮೂಲದ ಎನಾಮಲ್ ಅಥವಾ ವಾರ್ನಿಶ್. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಮೂರನೆಯ ಉಂಡೆಗೆ ಟರ್ಪೆಂಟೈನ್. ಒರೆಸಿದಾಗ ಹಳದಿ ಜಿಡ್ಡು ಬಂದು ಹೊಳಪು ಮಾಸಿದರೆ ಮೇಲೊಂದು ಮೇಣದ ಪದರವಿದೆ. ಮೇಣದ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ, ಉಜ್ಜಿದರೂ ಅಷ್ಟೇ: ಉಪ್ಪುಕಾಗದ ಮೇಣವನ್ನು ತೆಗೆಯುವ ಬದಲು ಗೀರುಗಳೊಳಗೆ ತುಂಬುತ್ತದೆ. ಮೊದಲು ಟರ್ಪೆಂಟೈನ್‌ನಲ್ಲಿ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ, ಆಮೇಲೆ ಉಜ್ಜಿ.

ಚನ್ನಪಟ್ಟಣದ ಹಳೆಯ ದೀಪದ ಕಂಬ, ಆಟದ ಸಾಮಾನುಗಳಿಗೆ ಮಾತ್ರ ಸ್ಪಿರಿಟ್ ಪರೀಕ್ಷೆ ಬೇಡ. ಅವುಗಳ ಬಣ್ಣವೇ ಅರಗು, ಮುಟ್ಟಿದ ಕಡೆ ಕರಗುತ್ತದೆ. ಬೀಟೆ ಮರದ ಮೇಲೆ ಬೇರೆ ಬಣ್ಣದ ಮರವನ್ನೋ ದಂತವನ್ನೋ ಕೂರಿಸಿದ ಮೈಸೂರು ಕೆತ್ತನೆ ಕೈಗೆ ಸಿಕ್ಕಿದ್ದರೆ ಬಣ್ಣದ ಯೋಚನೆಯನ್ನೇ ಬಿಡಿ. ಅದಕ್ಕೆ ಬಿಳಿ ಎನಾಮಲ್ ಬಳಿಯುವುದು ಮಹಾಪರಾಧ.

ಉಜ್ಜುವ ಮೊದಲು ಸೀಸದ ಮಾತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಬಣ್ಣ ಕಂಡ ಮೇಜು, ತೊಟ್ಟಿಲು, ಕಿಟಕಿ ಚೌಕಟ್ಟುಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ, ಹಸಿರು ಎನಾಮಲ್‌ನಲ್ಲಿ ಸೀಸ ಇದೆಯೆಂದೇ ಎಣಿಸಿ. ಒಣ ಉಜ್ಜಾಟ ಬೇಡ, ಯಂತ್ರವಂತೂ ಬೇಡವೇ ಬೇಡ. ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿ, ಕೆಸರನ್ನು ಹಳೆಯ ಬಟ್ಟೆಯಿಂದ ಒರೆಸಿ ಚೀಲಕ್ಕೆ ಕಟ್ಟಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಎನ್95 ಮುಖಗವಸು ಹಾಕಿ. ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ.

ಹಾಳೆಹಾಳೆಯಾಗಿ ಸುಲಿಯುತ್ತಿದೆ

ಹೊಳಪಿನ ಮೈ ಮೇಲೆ ನೇರ ಬಳಿದದ್ದೇ ಹೆಚ್ಚಿನ ಸಲ ಕಾರಣವಾಗಿರುತ್ತದೆ. ಹಳೆಯ ಪದರ ಗಟ್ಟಿಯಾಗಿದ್ದರೆ ಪೂರ್ತಿ ತೆಗೆಯುವ ಅಗತ್ಯವಿಲ್ಲ. 180 ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 220ರಲ್ಲಿ ಮುಗಿಸಿ. ಹೊಳಪು ಎಲ್ಲೆಡೆ ಒಂದೇ ಸಮ ಮಾಸಬೇಕು. ಓರೆಯಾಗಿ ಟಾರ್ಚ್ ಹಿಡಿದರೆ ಬಿಟ್ಟುಹೋದ ಜಾಗ ಮಿಂಚಿ ತೋರಿಸಿಕೊಡುತ್ತದೆ. ಸನ್‌ಮೈಕಾ ಅಂಟಿಸಿದ ಮೇಜಿಗೆ ಬರೀ ಉಜ್ಜಿದರೆ ಸಾಲದು, ನುಣುಪು ಮೈಗೆಂದೇ ಮಾಡಿದ ಅಂಟುಪ್ರೈಮರ್ ಒಂದು ಕೋಟ್ ಬೇಕು. ಸನ್‌ಮೈಕಾದ ಅಂಚು ಎದ್ದಿದ್ದರೆ ಮೊದಲು ಅದನ್ನು ಅಂಟಿಸಿ. ಅಲ್ಲಿಂದ ನೀರಿಳಿದು ಬಣ್ಣ ಮೊದಲು ಬಿಡುವುದು ಅಲ್ಲೇ.

ಈಗ ಟ್ರಂಕಿನ ಕಥೆ. ಹಳೆಯ ಟ್ರಂಕು, ಬಕೆಟ್, ಕಾಳಿನ ಡಬ್ಬಗಳಲ್ಲಿ ಬಹಳಷ್ಟು ಸತು ಲೇಪಿಸಿದ ಜಿಐ ತಗಡಿನವು. ಗುರುತು: ಮೈಮೇಲೆ ಹರಳು ಚೆಲ್ಲಿದಂಥ ಬೂದು ಚಿತ್ತಾರ, ಮೊಳೆಯಿಂದ ಗೀರಿದರೂ ಬೇಗ ಕೆಂಪು ತುಕ್ಕು ಬರುವುದಿಲ್ಲ. ಇದರ ಮೇಲೆ ಮಾಮೂಲಿ ಎನಾಮಲ್ ಬಳಿದರೆ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ಒಳಗೊಳಗೇ ಎನಾಮಲ್‌ನ ಎಣ್ಣೆಯಂಶವೂ ಸತುವೂ ಸೇರಿ ಒಂದು ಬಗೆಯ ಸಾಬೂನಾಗುತ್ತಿರುತ್ತದೆ. ಆ ತೆಳು ಜಾರುಪದರದ ಮೇಲೆ ಇಡೀ ಬಣ್ಣ ತೇಲುತ್ತಾ ಕೂತು, ಒಂದು ದಿನ ಬೆರಳಿಗೆ ಸಿಕ್ಕ ಅಂಚಿನಿಂದ ಬಾಳೆಪಟ್ಟೆಯಂತೆ ಸುಲಿದು ಬರುತ್ತದೆ. ಕಬ್ಬಿಣಕ್ಕೆ ಹಾಕುವ ರೆಡ್ ಆಕ್ಸೈಡ್ ಪ್ರೈಮರ್ ಇಲ್ಲಿ ಉಪಯೋಗಕ್ಕಿಲ್ಲ. ಅದರ ಎಣ್ಣೆಯೂ ಅದೇ ಜಾತಿಯದು, ಅದೂ ಸುಲಿಯುತ್ತದೆ. ಪೂರ್ತಿ ಕೆರೆದು, ಬಿಸಿ ಸೋಪಿನ ನೀರಲ್ಲಿ ತೊಳೆದು, 220ರಲ್ಲಿ ಹಗುರಾಗಿ ಉಜ್ಜಿ (ಸತು ಕಿತ್ತುಹೋಗುವಷ್ಟಲ್ಲ), ಜಿಐ ತಗಡಿಗೆಂದೇ ಬರುವ ನೀರಿನ ಪ್ರೈಮರ್ ಅಥವಾ ಎಚ್ (etch) ಪ್ರೈಮರ್ ಹಾಕಿ. ಅದರ ಮೇಲೆ ಎನಾಮಲ್ ಧಾರಾಳವಾಗಿ ನಿಲ್ಲುತ್ತದೆ. ಸತು ಸವೆದು ಕೆಂಪು ತುಕ್ಕು ಬಂದ ಮೂಲೆಗಳಿಗೆ ಮಾತ್ರ ತಂತಿ ಬ್ರಷ್, ಆಮೇಲೆ ರೆಡ್ ಆಕ್ಸೈಡ್.

ಬೆತ್ತದ ಕುರ್ಚಿ ಸುಲಿಯುವುದಕ್ಕೆ ಕಾರಣ ಸರಳ: ಕೂತಾಗಲೆಲ್ಲ ಬೆತ್ತ ಬಾಗುತ್ತದೆ, ದಪ್ಪ ಬಣ್ಣ ಬಾಗುವುದಿಲ್ಲ. ಬ್ರಷ್ ಬಿಟ್ಟು ಸ್ಪ್ರೇ ಡಬ್ಬದಿಂದ ತೆಳುವಾಗಿ ಮೂರು ಸಲ ಹೊಡೆಯಿರಿ.

ಬಿಳಿ ಬಣ್ಣದ ಮೇಲೆ ಕಂದು, ಹಳದಿ, ಕೆಂಪು ಕಲೆ

ಮೂರು ಕೋಟ್ ಆದರೂ ಮತ್ತೆ ಮೇಲೇಳುವ ಕಲೆ ಅಂದರೆ ಮರವೇ ಮಾತಾಡುತ್ತಿದೆ. ಹಲಸಿನ ಮರ ಹಳದಿ ಬಿಡುತ್ತದೆ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುವುದು ಎಲ್ಲರಿಗೂ ಗೊತ್ತು. ಹೊನ್ನೆಯ ಪೆಟ್ಟಿಗೆಗೆ ನೀರಿನ ಬಣ್ಣ ಬಳಿದಾಗ ಆಗುವುದೂ ಅದೇ. ತೇಗದಲ್ಲಿ ಎಣ್ಣೆ ಮತ್ತು ಕಂದು ಸಾರ ಎರಡೂ ಇವೆ. ನೀರಿನ ಎಮಲ್ಷನ್ನಿನ ಪ್ರತಿ ಕೋಟೂ ಈ ಸಾರವನ್ನು ಮತ್ತೊಮ್ಮೆ ಕರಗಿಸಿ ಮೇಲಕ್ಕೆಳೆಯುತ್ತದೆ. ಹೆಚ್ಚು ಬಳಿದಷ್ಟೂ ಹೆಚ್ಚು ಕಲೆ ಬರುವುದು ಇದರಿಂದಲೇ.

ಕಲೆಯ ಮೂಲ ಎರಡು ಬಗೆ, ಮದ್ದೂ ಬೇರೆಬೇರೆ. ಬರಿ ಮರದ ಮೇಲೆ ಒದ್ದೆ ಹತ್ತಿಯನ್ನು ಹತ್ತು ನಿಮಿಷ ಇಡಿ. ಹಳದಿ ಕಂದು ಇಳಿದರೆ ನೀರಿಗೆ ಕರಗುವ ಮರದ ಸಾರ. ಇದಕ್ಕೆ ಟರ್ಪೆಂಟೈನ್ ಮೂಲದ ವುಡ್ ಪ್ರೈಮರ್ ಎರಡು ಕೋಟ್ ಸಾಕಾಗಬಹುದು, ಅರಗಿನ ತಡೆಪದರವಾದರೆ ಖಾತ್ರಿ. ಸ್ಪಿರಿಟ್ ಹತ್ತಿಗೆ ಢಾಳಾದ ಕೆಂಪು ಇಳಿದರೆ ಅದು ಮರದ್ದಲ್ಲ, ಹಳೆಯ ಪಾಲಿಶ್‌ನವರು ಅರಗಿಗೆ ಬೆರೆಸಿದ ಸ್ಪಿರಿಟ್ ಬಣ್ಣ. ಇಲ್ಲಿ ಅರಗೇ ಕೈಕೊಡುತ್ತದೆ, ಏಕೆಂದರೆ ಅರಗಿನ ಸ್ಪಿರಿಟ್ ಆ ಕೆಂಪನ್ನೇ ಎಬ್ಬಿಸಿ ತನ್ನೊಳಗೆ ಬೆರೆಸಿಕೊಳ್ಳುತ್ತದೆ. ಮೊದಲು ಸ್ಪಿರಿಟ್ ಬಟ್ಟೆಯಿಂದ ಕೆಂಪು ಇಳಿಯುವುದು ಕಡಿಮೆಯಾಗುವ ತನಕ ತೊಳೆಯಿರಿ. ಉಳಿದದ್ದಕ್ಕೆ ಎಣ್ಣೆ ಮೂಲದ ಅಲ್ಯೂಮಿನಿಯಂ ಬಣ್ಣ ಒಂದು ಕೋಟ್, ಅದು ಒಣಗಿದ ಮೇಲೆ ಬಿಳಿ ಪ್ರೈಮರ್. ಬೆಳ್ಳಿ ಬಣ್ಣ ನೋಡಿ ಗಾಬರಿ ಬೇಡ, ಪ್ರೈಮರ್ ಅದನ್ನು ಮುಚ್ಚುತ್ತದೆ.

ಅರಗಿನ ತಡೆಪದರ ಮನೆಯಲ್ಲೇ ಮಾಡಬಹುದು. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಅರಗಿನ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ, ಆಗಾಗ ಅಲುಗಾಡಿಸಿ. ಕಬ್ಬಿಣದ ಡಬ್ಬ ಬೇಡ, ಅರಗು ಕಪ್ಪಾಗುತ್ತದೆ. ಬೆಳಿಗ್ಗೆ ಮೇಲಿನ ತಿಳಿಯನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಕೂತ ಮಸುಕು ಅರಗಿನದೇ ಮೇಣ, ಅದು ಬೇಡ. ಮೆತ್ತನೆಯ ಬ್ರಷ್‌ನಿಂದ ತೆಳುವಾಗಿ ಬಳಿಯಿರಿ, ಬಳಿದ ಕಡೆ ಮತ್ತೆ ಕೈಯಾಡಿಸಬೇಡಿ. ಒಂದು ಗಂಟೆ ಬಿಟ್ಟು ಎರಡನೆಯ ಕೋಟ್. 320ರಲ್ಲಿ ಸವರಿ, ಮೇಲೆ ಯಾವ ಬಣ್ಣವಾದರೂ ಹಾಕಿ. ಸ್ಪಿರಿಟ್ ಬೆಂಕಿಗೆ ಬೇಗ ಹತ್ತುತ್ತದೆ: ಒಲೆ, ದೇವರ ದೀಪ ಎರಡೂ ಆರಿರಲಿ.

ಬಟ್ಟು ಬಟ್ಟಾಗಿ, ಸಾಲಾಗಿ ಕಲೆ ಕಂಡರೆ ಮೊಳೆಗಳನ್ನು ನೋಡಿ. ನೀರಿನ ಬಣ್ಣ ತಾಗಿ ಮೊಳೆ ತಲೆ ತುಕ್ಕು ಹಿಡಿದರೆ ಕಿತ್ತಳೆ ಬಟ್ಟು. ಕಬ್ಬಿಣವೂ ಮರದ ಒಗರೂ ಕೂಡಿದರೆ ನೀಲಿಗಪ್ಪು ಕಲೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕೂಟದಿಂದ. ಮೊಳೆ ತಲೆಯನ್ನು ಉಜ್ಜಿ ಒಂದೊಂದಕ್ಕೂ ರೆಡ್ ಆಕ್ಸೈಡ್ ಚುಕ್ಕೆ ಇಡಿ. ಬರಿ ಮರದಲ್ಲಿನ ಕಪ್ಪು ಕಲೆಗೆ ಒಂದು ಲೀಟರ್ ಬಿಸಿನೀರಿಗೆ 40 ಗ್ರಾಂ ಆಕ್ಸಾಲಿಕ್ ಆಮ್ಲ ಬೆರೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಎರಡು ಮೂರು ಸಲ ನೀರಲ್ಲಿ ಒರೆಸಿ ತೆಗೆಯಿರಿ. ಇದು ವಿಷ, ಕೈಗವಸು ಹಾಕಿ, ಅಡಿಗೆಮನೆಯ ಪಾತ್ರೆ ಬಳಸಬೇಡಿ, ಒಣಗಿದ ಮೇಲೆ ಉಳಿದ ಪುಡಿಯನ್ನು ಉಜ್ಜಿ ಹಾರಿಸಬೇಡಿ.

ವಾರವಾದರೂ ಜಿಗುಟು ಹೋಗಿಲ್ಲ

ಎನಾಮಲ್ ಒಣಗುವುದೆಂದರೆ ಟರ್ಪೆಂಟೈನ್ ಆರುವುದಷ್ಟೇ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಆ ಕೆಲಸಕ್ಕೆ ಅಡ್ಡಿಯಾಗುವುದು ಏನೇನೆಂದು ಒಂದೊಂದಾಗಿ ನೋಡಿ.

ಬಣ್ಣ ದಪ್ಪವಾಗಿದೆಯೇ? ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಉಳಿದಿರುತ್ತದೆ. ಉಗುರು ಒತ್ತಿದರೆ ಕೆನೆ ಜರುಗುತ್ತದೆ. ಒಂದು ಚದರ ಮೀಟರಿಗೆ ಒಂದು ಕೋಟ್ ಬಳಿಯಲು 100 ಮಿ.ಲೀ. ಎನಾಮಲ್ ಧಾರಾಳ, ಸಣ್ಣ ಸ್ಟೂಲೊಂದಕ್ಕೆ 200 ಮಿ.ಲೀ. ಡಬ್ಬ ಒಂದೇ ಕೋಟಿಗೆ ಖಾಲಿಯಾಗಿದ್ದರೆ ಉತ್ತರ ಸಿಕ್ಕಿತು. ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬೆರೆಸಿದ್ದೀರಾ? ಅದು ಆರಲು ಬಹಳ ಹೊತ್ತು ಹಿಡಿಯುತ್ತದೆ, ಜಿಡ್ಡೂ ಉಳಿಸುತ್ತದೆ. ಮಳೆಗಾಲವೇ? ಜುಲೈನ ಕರಾವಳಿ, ಮಲೆನಾಡಿನಲ್ಲಿ ಡಬ್ಬದ ಮೇಲೆ ಬರೆದ ಹೊತ್ತನ್ನು ದುಪ್ಪಟ್ಟು ಮಾಡಿಕೊಳ್ಳಿ, ಫ್ಯಾನ್ ಹಾಕಿ ಗಾಳಿಯಾಡಿಸಿ.

ಇದಾವುದೂ ಅಲ್ಲದೆ, ಕೆಲವು ಹಲಗೆ ಒಣಗಿ ಕೆಲವು ಒಣಗದೆ ಉಳಿದಿದ್ದರೆ ಬೀಟೆ ಅಥವಾ ಎಣ್ಣೆಯ ತೇಗದ ಮೇಲೆ ಸಂಶಯಪಡಿ. ಬೀಟೆಯ ಸಾರ ಎನಾಮಲ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಎಷ್ಟು ಕಾದರೂ ಅಷ್ಟೇ. ಜಿಗುಟು ಬಣ್ಣವನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ತೆಗೆದು, ಮರವನ್ನು ಎನ್‌ಸಿ ಥಿನ್ನರ್‌ನಿಂದ ಒರೆಸಿ, ಅದು ಆರಿದೊಡನೆ ಅದೇ ದಿನ ಅರಗಿನ ಪದರ ಹಾಕಿ. ಮರುದಿನಕ್ಕೆ ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಗೋಡೆಗೆ ತಂದು ಉಳಿದ ಎಮಲ್ಷನ್ ಮೇಜಿಗೆ ಬಳಿದವರ ದೂರು ಬೇರೆ: ಮುಟ್ಟಿದರೆ ಒಣಗಿದೆ, ಆದರೆ ಹೂದಾನಿ ಇಟ್ಟರೆ ಅಂಟುತ್ತದೆ, ಡ್ರಾಯರ್ ಎಳೆದರೆ ಪಟ್ಟನೆ ಬಿಡುತ್ತದೆ. ಗೋಡೆಯ ಬಣ್ಣದ ಅಂಟು ಮೆತ್ತಗಿನದು, ಗೋಡೆಯ ಮೇಲೆ ಯಾರೂ ಪಾತ್ರೆ ಇಡುವುದಿಲ್ಲವಲ್ಲ. ತಿಂಗಳು ಕಳೆದರೆ ತುಸು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನೀರಿನ ಪಿಯು ಕ್ಲಿಯರ್ ಎರಡು ತೆಳು ಕೋಟ್ ಹಾಕಿದರೆ ಮೈ ಗಟ್ಟಿಯಾಗುತ್ತದೆ. ಅಲ್ಲಿಯ ತನಕ ಡ್ರಾಯರಿನ ಅಂಚಿಗೆ ಟಾಲ್ಕಂ ಪೌಡರ್ ಸವರಿ.

ಎಮಲ್ಷನ್‌ಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿ ಚಾಕ್ ಪೇಂಟ್ ಮಾಡುವವರ ತೊಂದರೆ ಇದಕ್ಕೆ ತದ್ವಿರುದ್ಧ. ಜಿಗುಟಲ್ಲ, ಪುಡಿ. ಮೂರು ಪಾಲು ಬಣ್ಣಕ್ಕೆ ಒಂದು ಪಾಲು ಪುಡಿ ಮೀರಿದರೆ ಪುಡಿಯನ್ನು ಹಿಡಿಯುವಷ್ಟು ಅಂಟು ಬಣ್ಣದಲ್ಲಿ ಇರುವುದಿಲ್ಲ, ಸವರಿದರೆ ಕೈಗೆ ಬರುತ್ತದೆ. ಪುಡಿಯನ್ನು ನೀರಲ್ಲಿ ಕಲಸಿ ಗಂಟೊಡೆದ ಮೇಲೆ ಬಣ್ಣಕ್ಕೆ ಹಾಕಿ. ಪ್ಲಾಸ್ಟರ್ ಬೇಗ ಗಟ್ಟಿಯಾಗುವುದರಿಂದ ಸಾದಾ ಚಾಕ್ ಪೌಡರ್ ವಾಸಿ.

ಸುಕ್ಕು, ಕುಳಿ, ಮಂಜು

ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದರೆ ಎರಡು ಕಾರಣ. ಎನಾಮಲ್ ಮೇಲೆ ಎನ್‌ಸಿ ಲ್ಯಾಕರ್ ಹೊಡೆದಿರಬಹುದು. ಥಿನ್ನರ್ ಕೆಳಗಿನದನ್ನು ಉಬ್ಬಿಸುತ್ತದೆ. ಇಲ್ಲವೇ ಸ್ಪ್ರೇ ಡಬ್ಬದ ಎರಡನೆಯ ಕೋಟನ್ನು ತಪ್ಪು ಹೊತ್ತಿಗೆ ಹೊಡೆದಿದ್ದೀರಿ. ಹಲವು ಸ್ಪ್ರೇ ಎನಾಮಲ್‌ಗಳಿಗೆ ಒಂದು ಗಂಟೆಯೊಳಗೆ, ತಪ್ಪಿದರೆ 24 ಗಂಟೆಯ ನಂತರ ಎಂಬ ನಿಯಮವಿದೆ; ಡಬ್ಬದ ಮೇಲಿನ ಸಣ್ಣಕ್ಷರ ಓದಿ. ಪೂರ್ತಿ ಒಣಗಲು ಬಿಟ್ಟು, 220ರಲ್ಲಿ ಸಮಮಾಡಿ, ಮತ್ತೆ ಹೊಡೆಯಿರಿ.

ಬಳಿಯುತ್ತಿದ್ದ ಹಾಗೇ ಬಣ್ಣ ಸರಿದು ಸಾಸಿವೆಯಷ್ಟು ಗುಂಡು ಕುಳಿಗಳು ಬಿದ್ದರೆ ಕೆಳಗೆ ಎಣ್ಣೆ ಅಥವಾ ಸಿಲಿಕೋನ್ ಇದೆ. ದೇವರ ಮಂಟಪದಲ್ಲಿ ದೀಪದೆಣ್ಣೆ, ಅಡಿಗೆಮನೆ ಕಪಾಟಿನಲ್ಲಿ ಒಗ್ಗರಣೆಯ ಜಿಡ್ಡು, ಕನ್ನಡಿ ಮೇಜಿನಲ್ಲಿ ಕೊಬ್ಬರಿ ಎಣ್ಣೆ, ಹಳೆಯ ಕಬ್ಬಿಣದ ಬೀರುವಿನಲ್ಲಿ ಹ್ಯಾಮರ್‌ಟೋನ್ (ಸುತ್ತಿಗೆಯಿಂದ ಬಡಿದಂತೆ ಕಾಣುವ) ಬಣ್ಣದೊಳಗೇ ಸೇರಿಸಿದ ಸಿಲಿಕೋನ್. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ತೊಳೆದು, ಬರಿ ನೀರಲ್ಲಿ ಎರಡು ಸಲ ಒರೆಸಿ, ಒಂದು ದಿನ ಒಣಗಿಸಿ. ಮೊದಲು ತೊಳೆಯುವುದು, ಆಮೇಲೆ ಉಜ್ಜುವುದು. ತಿರುಗಾಮುರುಗಾ ಮಾಡಿದರೆ ಜಿಡ್ಡು ಮರದೊಳಕ್ಕೆ ಇಳಿಯುತ್ತದೆ. ತೊಳೆದರೂ ಕುಳಿ ಬಿದ್ದರೆ ಮರಕ್ಕೆ ಅರಗಿನ ಪದರವೇ ಗತಿ.

ಮಳೆಗಾಲದಲ್ಲಿ ಎನ್‌ಸಿ ಲ್ಯಾಕರ್ ಹಾಲು ಚೆಲ್ಲಿದಂತೆ ಬೆಳ್ಳಗಾದರೆ ಕಿತ್ತು ತೆಗೆಯಬೇಡಿ. ಥಿನ್ನರ್ ಭರದಿಂದ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರೊಳಗೆ ಕೂತಿದೆ, ಅಷ್ಟೇ. ಬಿಸಿಲಿನ ದಿನ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ತೆಳುವಾಗಿ ಮಂಜಿನಂತೆ ಸಿಂಪಡಿಸಿದರೆ ಪದರ ಮತ್ತೆ ಕರಗಿ ತಿಳಿಯಾಗುತ್ತದೆ.

ಬಿಳಿ ಎನಾಮಲ್ ಕಪಾಟಿನ ಹೊರಗೆ ಬೆಳ್ಳಗಿದ್ದು ಒಳಗೆ ಮಾತ್ರ ಹಳದಿಯಾಗುವುದು ಕಳಪೆ ಬಣ್ಣದಿಂದಲ್ಲ. ಎಣ್ಣೆ ಮೂಲದ ಬಿಳಿ ಕತ್ತಲಲ್ಲಿ ಹಳದಿಗಟ್ಟುತ್ತದೆ. ಬಾಗಿಲು ತೆರೆದು ಕೆಲವು ದಿನ ಬೆಳಕಿಗೆ ಬಿಟ್ಟರೆ ಅಷ್ಟಿಷ್ಟು ತಿರುಗುತ್ತದೆ. ಒಳಮೈಗೆ ನೀರಿನ ಬಣ್ಣ ಬಳಸುವುದೇ ಸರಿ.

ಗಾಜು, ಪಿಂಗಾಣಿ ಭರಣಿಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಸ್ಪಿರಿಟ್‌ನಲ್ಲಿ ಒರೆಸಿ ಅಂಟುಪ್ರೈಮರ್ ಹಾಕಿದರೆ ನೋಡಲು ಇಡಬಹುದು, ದಿನಾ ತೊಳೆದರೆ ಬಿಡುತ್ತದೆ. ಬಾಯಿ ತಾಗುವ ಅಂಚಿಗೂ ಒಳಮೈಗೂ ಬಣ್ಣ ಬೇಡ. ಬಣ್ಣದ ಮೇಲೆ ಸಣ್ಣ ತೂತು ಬಿದ್ದು ಕೆಳಗೆ ಗೋಧಿಹಿಟ್ಟಿನಂಥ ಪುಡಿ ಉದುರಿದ್ದರೆ ಅದು ಬಣ್ಣದ ದೋಷವಲ್ಲ, ಕುಟ್ಟೆಹುಳು ಒಳಗೆ ಬದುಕಿದೆ. ಮೊದಲು ಅದಕ್ಕೆ ಮದ್ದು ಮಾಡಿಸಿ, ಸಾಮಾನನ್ನು ಉಳಿದ ಮರದಿಂದ ದೂರವಿಡಿ.

ಮತ್ತೆ ಬಳಿಯುವಾಗ ಹೊತ್ತಿನ ಲೆಕ್ಕ

ಒಣಹವೆಯಲ್ಲಿ ಎನಾಮಲ್ ಮುಟ್ಟುವಷ್ಟು ಒಣಗಲು 4ರಿಂದ 6 ಗಂಟೆ, ಮುಂದಿನ ಕೋಟಿಗೆ ಒಂದು ರಾತ್ರಿ, ಪಾತ್ರೆ ಇಡಲು ಕನಿಷ್ಠ ಒಂದು ವಾರ. ನೀರಿನ ಬಣ್ಣ ಅರ್ಧ ಗಂಟೆಗೆ ಒಣಗಿದಂತೆ ಕಾಣುತ್ತದೆ, ಮುಂದಿನ ಕೋಟಿಗೆ 4 ಗಂಟೆ, ನಿಜಕ್ಕೂ ಗಟ್ಟಿಯಾಗಲು ಮೂರು ನಾಲ್ಕು ವಾರ. ಎರಡು ದಿನದಲ್ಲಿ ಮುಗಿಸಲೇಬೇಕೆಂದರೆ ಶುಕ್ರವಾರ ಸಂಜೆಯೇ ತೊಳೆದು ಒಣಗಲು ಇಡಿ. ಶನಿವಾರ ಬೆಳಿಗ್ಗೆ ಉಜ್ಜಿ ಅರಗಿನ ಎರಡು ಪದರ, ಮಧ್ಯಾಹ್ನ ನೀರಿನ ಪ್ರೈಮರ್, ಸಂಜೆ ಮೊದಲ ಕೋಟ್. ಭಾನುವಾರ ಬೆಳಿಗ್ಗೆ 320ರಲ್ಲಿ ಸವರಿ ಎರಡನೆಯ ಕೋಟ್. ಎನಾಮಲ್‌ನಲ್ಲಿ ಈ ಲೆಕ್ಕ ಕೂಡುವುದಿಲ್ಲ. ಡ್ರಾಯರ್ ಜಾರುವ ಪಟ್ಟಿಗೆ ಮಾತ್ರ ಯಾವ ಬಣ್ಣವೂ ಬೇಡ: ಬರಿ ಮರ ಬಿಟ್ಟು, ಎಲ್ಲ ಒಣಗಿದ ಮೇಲೆ, ಮೇಣದಬತ್ತಿ ಉಜ್ಜಿ.